ನಾನು ಹಾಕದ ಸಹಿ

೧೯೮೩ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಇಯತ್ತೆ ಪಾಸಾಗಿ ಬಿಟ್ಟವನು, ಫೇಲಾಗಿ ಅಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಎಂಟನೆಯದಕ್ಕೆ ಲಿಂಗಸುಗೂರಿಗೆ ಹೋಗಬೇಕಿತ್ತು. ಅಪ್ಪ ಅದರ ಬದಲು ನನ್ನ ಕೈಗೆ ಕರಣಿ ಕೊಟ್ಟು ನೆಲಕ್ಕೆ ಫರಸಿ ಕಲ್ಲು ಹಾಸುವ ತನ್ನ ಕೆಲಸಕ್ಕೇ ಹಚ್ಚಿದ. ಶಾಲೆ ಬಿಡುವಾಗ ಹೆಡ್ ಮಾಸ್ತರರು ಬರೆದುಕೊಟ್ಟ ಟಿ.ಸಿ.ಯಲ್ಲಿ ಒಂದು ತಪ್ಪು ಉಳಿದುಬಿಟ್ಟಿತ್ತು. ನಮ್ಮ ಮನೆತನಕ್ಕೆ ಅಡ್ಡಹೆಸರಿಲ್ಲ. ಆ ಜಾಗ ಖಾಲಿ ಬಿಡಬಾರದೆಂದು ಅವರು ನಮ್ಮ ಮನೆಯೆದುರಿನ ಬಾವಿಯ ಹೆಸರನ್ನೇ ಅಲ್ಲಿ ತುಂಬಿದ್ದರು. ಆ ಹೆಸರಿನಿಂದ ನನ್ನನ್ನು ಯಾರೂ ಕರೆದಿಲ್ಲ, ನಾನೂ ಎಲ್ಲಿಯೂ ಬರೆದಿಲ್ಲ. ಹೈದರಾಬಾದಿಗೆ ಬಂದ ಮೇಲೆ ಆ ಕಾಗದ ನಮ್ಮ ಕಬ್ಬಿಣದ ಟ್ರಂಕಿನ ತಳ ಸೇರಿತ್ತು.

ಇಪ್ಪತ್ಮೂರು ವರ್ಷ ಕಳೆದ ಮೇಲೆ, ಕೊಂಡಾಪುರದ ಒಂದು ಕಟ್ಟಡದ ಆರನೆಯ ಮಹಡಿಯಲ್ಲಿ ಮೊಣಕಾಲೂರಿ ಟೈಲ್ಸ್ ಕೂರಿಸುತ್ತಿದ್ದಾಗ ನನ್ನ ಮೊಬೈಲು ಹೊಡೆದುಕೊಂಡಿತು. ಹೆಣ್ಣು ದನಿ, ಹಿಂದಿ. ನನ್ನ ಹೆಸರು ಹೇಳಿತು, ಅಪ್ಪನ ಹೆಸರು ಹೇಳಿತು. ಕೊನೆಗೆ ಬಾವಿಯ ಹೆಸರನ್ನೂ ಸೇರಿಸಿ, ಇವರು ನೀವೇ ತಾನೆ ಎಂದು ಕೇಳಿತು. ಕ್ರೆಡಿಟ್ ಕಾರ್ಡಿನ ಬಾಕಿ ತಿಂಗಳುಗಟ್ಟಲೆ ಕಟ್ಟಿಲ್ಲವಂತೆ, ಯಾವಾಗ ಕಟ್ಟುತ್ತೀರಿ ಎಂದಿತು.

ನನಗೆ ಕಾರ್ಡೇ ಇಲ್ಲ ಎಂದೆ.

ಎಲ್ಲರೂ ಹಾಗೇ ಹೇಳುತ್ತಾರೆ ಸರ್ ಎಂದು ದನಿ ನಕ್ಕಿತು.

ಕೈಯಲ್ಲಿದ್ದ ಟೈಲ್ಸನ್ನು ಹಾಗೇ ಗೋಡೆಗೆ ಒರಗಿಸಿಟ್ಟೆ. ಬಾಕಿ ಎಂಬ ಮಾತು ನನ್ನನ್ನು ಅಷ್ಟು ಕಾಡಲಿಲ್ಲ, ಅದು ಹೇಗೂ ಸುಳ್ಳು. ಆದರೆ ಬಾವಿಯ ಹೆಸರು ಅವರಿಗೆ ಹೇಗೆ ಗೊತ್ತಾಯಿತು?

ನಾನು ಎಂಥವನು ಎಂಬುದನ್ನು ಇಲ್ಲಿ ಹೇಳಬೇಕು. ನಮ್ಮ ಕಡೆ ಹಣಕ್ಕೆ ರೊಕ್ಕ ಎನ್ನುತ್ತಾರೆ. ರೊಕ್ಕ ಅಂದರೆ ಕೈಯಲ್ಲಿ ಹಿಡಿದು ಎಣಿಸುವಂಥದ್ದು. ಕೈಯಲ್ಲಿ ಇಲ್ಲದ್ದು ಉದ್ರಿ, ಅದು ಬೇರೆ ಜಾತಿಯ ವಸ್ತು. ನಾನು ಹಗಲು ದುಡಿದದ್ದನ್ನು ರೊಕ್ಕವಾಗಿಯೇ ತೆಗೆದುಕೊಂಡವನು, ರೊಕ್ಕವಾಗಿಯೇ ಕೊಟ್ಟವನು. ಬಿಲ್ಡರ್ ಚೆಕ್ಕು ಕೊಡುತ್ತೇನೆಂದರೆ ನೂರಿನ್ನೂರು ಕಡಿಮೆಯಾದರೂ ನೋಟೇ ಕೊಡಿ ಎನ್ನುತ್ತಿದ್ದೆ. ನನ್ನ ಕೈಕೆಳಗಿನ ಆರು ಮಂದಿಗೆ ಶನಿವಾರ ಸಂಜೆ ಐದಕ್ಕೆ ಬಟವಾಡೆ. ಒಂದು ವಾರವೂ ತಪ್ಪಿರಲಿಲ್ಲ, ಇದರ ಬಗ್ಗೆ ನನಗೆ ಸೊಕ್ಕೇ ಇತ್ತು ಅನ್ನಿ. ಅಂಗಡಿಯಲ್ಲಿ ರಸೀದಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಏನು ಕೊಂಡೆ ಎಂಬುದು ಕಾಗದದ ಮೇಲೆ ಯಾಕೆ ಇರಬೇಕು? ಮಿಯಾಪುರದ ಹೊಸ ದೊಡ್ಡ ಅಂಗಡಿಯಲ್ಲಿ ಒಮ್ಮೆ ಎರಡು ಕಿಲೋ ಸಕ್ಕರೆ ಕೊಂಡಾಗ ಬಿಲ್ ಹಾಕುವ ಹುಡುಗಿ ಫೋನ್ ನಂಬರ್ ಕೇಳಿದಳು. ಸಕ್ಕರೆಗೆ ಫೋನ್ ನಂಬರ್ ಯಾಕಮ್ಮಾ ಎಂದೆ. ಕಂಪ್ಯೂಟರ್ ಕೇಳುತ್ತದೆ ಎಂದಳು. ಕಂಪ್ಯೂಟರಿಗೇ ಸಕ್ಕರೆ ತಿನ್ನಿಸು ಎಂದು ಅಲ್ಲೇ ಇಟ್ಟು ಬಂದೆ.

ನಾವು ನೆಲ ಹಾಕಿಕೊಡುತ್ತಿದ್ದ ಮನೆಗಳಲ್ಲಿ ನೆಲ ಒಣಗುವ ಮೊದಲೇ ಸೋಫಾ ಬರುತ್ತಿತ್ತು, ಗೋಡೆಯಗಲದ ಟೀವಿ ಬರುತ್ತಿತ್ತು. ಎಲ್ಲವೂ ಕಂತಿನ ಮೇಲೆ. ಮನೆಯೇ ಇಪ್ಪತ್ತು ವರ್ಷದ ಕಂತಿನ ಮೇಲೆ. ಧಾರವಾಡ ಕಡೆಯ ಒಬ್ಬ ಎಂಜಿನಿಯರರು ನಾನು ಕನ್ನಡದವನೆಂದು ಗೊತ್ತಾಗಿ ಪ್ರೀತಿಯಿಂದ ಬುದ್ಧಿ ಹೇಳಿದರು.

"ಮೇಸ್ತ್ರಿ, ಒಂದ್ ಕಾರ್ಡ್ ಮಾಡಿಸ್ಕೋರಿ. ಇವತ್ತ ತಗೋರಿ, ಐವತ್ತ ದಿನದ ಮ್ಯಾಲ ರೊಕ್ಕ ಕೊಡ್ರಿ."

"ಐವತ್ತ ದಿನ ನನ್ನ ನಂಬಾಕ ನಾ ಏನ್ ಅವರ ಮನಿ ಅಳಿಯಾನೇನ್ರೀ ಸರ?"

ಅವರು ನಕ್ಕರು. ನಾನು ನಗಲಿಲ್ಲ. ಕೇಳದೆ ಕೊಡಲು ಬಂದವನು ಏನನ್ನೋ ತೆಗೆದುಕೊಂಡು ಹೋಗಲು ಬಂದಿದ್ದಾನೆ ಎಂದೇ ನನ್ನ ಲೆಕ್ಕ.

ಅಂಥವನ ಹೆಸರನ್ನು ಈಗ ಯಾರೋ ಫೋನಿನಲ್ಲಿ ಓದಿ ಹೇಳುತ್ತಿದ್ದರು. ಮರುದಿನವೂ ಫೋನ್ ಬಂತು, ಅದರ ಮರುದಿನ ಎರಡು ಸಲ ಬಂತು. ನಾಲ್ಕನೆಯ ದಿನ ಗಂಡಸಿನ ದನಿ. ಅದಕ್ಕೆ ಸರ್ ಎನ್ನುವ ಅಭ್ಯಾಸ ಇರಲಿಲ್ಲ. ಮನೆಗೆ ಜನ ಕಳಿಸುತ್ತೇವೆ, ಓಣಿಯಲ್ಲಿ ನಿಂತು ಕೇಳುತ್ತಾರೆ ಎಂದಿತು.

ಅವತ್ತಿನಿಂದ ಎಲ್ಲರೂ ನನಗೆ ಕಳ್ಳರಾಗಿ ಕಂಡರು. ಟೈಲ್ಸ್ ಅಂಗಡಿಯ ಸೇಠ್ ನನ್ನ ನಂಬರನ್ನು ಗೋಡೆಯ ಮೇಲೆ ಬರೆದುಕೊಂಡಿದ್ದ, ಅವನೇ ಇರಬೇಕು. ಧಾರವಾಡದ ಎಂಜಿನಿಯರರು ಅಷ್ಟು ಪ್ರೀತಿ ತೋರಿಸಿದ್ದಾದರೂ ಯಾಕೆ? ಹತ್ತು ವರ್ಷದಿಂದ ನನ್ನ ಜೊತೆಗೇ ದುಡಿಯುತ್ತಿದ್ದ, ನಮ್ಮ ತಾಲೂಕಿನವನೇ ಆದ ಜೋಡಿ ಮೇಸ್ತ್ರಿಯ ಮೇಲೂ ಕಣ್ಣಿಟ್ಟೆ. ಅವನಿಗೆ ಅದು ತಿಳಿದುಹೋಯಿತು.

"ಅಣ್ಣಾ, ನಿನ್ನ ಹೆಸರ ಕದ್ದು ನಾ ಏನ್ ಮಾಡ್ಲಿ? ಮಾರಾಕ ಹ್ವಾದ್ರ ನಾಕಾಣಿ ಬರಂಗಿಲ್ಲ."

"ನಾಕಾಣಿದ್ದಾಗಿದ್ರ ಅವ್ರು ಯಾಕ ದಿನಾ ಫೋನ್ ಹಚ್ತಾರಲೇ?"

"ಹಂಗಾರ ನಿನಗ ಬೆಲಿ ಬಂದೈತಿ. ಪೇಡಾ ಹಂಚು."

ಅವನ ಚೇಷ್ಟೆಯ ನಡುವೆಯೇ ನನಗೆ ದಾರಿ ಹೊಳೆಯಿತು. ಬಾವಿಯ ಹೆಸರು ಇರುವುದು ಟಿ.ಸಿ.ಯಲ್ಲಿ ಮಾತ್ರ. ಟಿ.ಸಿ. ಟ್ರಂಕಿನಿಂದ ಹೊರಗೆ ಬಂದದ್ದು ಒಂದೇ ಸಲ, ಹಿಂದಿನ ವರ್ಷ ರೇಷನ್ ಕಾರ್ಡಿಗೆ ಜೆರಾಕ್ಸ್ ಮಾಡಿಸುವಾಗ. ಎರಡು ಪ್ರತಿ ಕೇಳಿದ್ದೆ, ಜೆರಾಕ್ಸಿನವನು ಮೂರು ತೆಗೆದು ಒಂದನ್ನು ಇಟ್ಟುಕೊಂಡಿರಬೇಕು. ಇಬ್ಬರೂ ಮಿಯಾಪುರದ ಆ ಅಂಗಡಿಗೆ ಹೋದೆವು. ಹತ್ತು ಜನರೆದುರು ಆ ಮುದುಕನನ್ನು ಬಾಯಿಗೆ ಬಂದಂತೆ ಬೈದೆ. ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ. ಒಂದು ರೂಪಾಯಿಯ ಕಾಗದವನ್ನು ನಾನು ಸುಮ್ಮನೆ ಹೆಚ್ಚಿಗೆ ತೆಗೆಯುತ್ತೇನಾ ಎಂದು ತೆಲುಗಿನಲ್ಲಿ ಕೇಳಿದ. ಅದರಲ್ಲಿ ನ್ಯಾಯವಿತ್ತು. ಆದರೂ ನಾನು ಬೈಯುವುದನ್ನು ನಿಲ್ಲಿಸಲಿಲ್ಲ. ಇವತ್ತಿಗೂ ಜೆರಾಕ್ಸ್ ಬೇಕಾದರೆ ಆ ಅಂಗಡಿ ದಾಟಿ ಮುಂದಿನ ಚೌಕಕ್ಕೆ ಹೋಗುತ್ತೇನೆ, ಅವನ ಮುಖ ನೋಡಲಾರದೆ.

ಮನೆಯಲ್ಲಿ ಹೆಂಡತಿಗೆ ಇದೆಲ್ಲ ಹೇಳಿದೆನೇ ಎಂದರೆ, ಹೇಳಿದೆ. ಯಾರೋ ನನ್ನ ಹೆಸರಿನಲ್ಲಿ ಕಾರ್ಡು ಮಾಡಿಸಿದ್ದಾರೆ, ಸಿಕ್ಕರೆ ಕೈ ಮುರಿಯುತ್ತೇನೆ ಎಂದೆ. ಅವಳು ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ಕೈ ಒಂದು ಗಳಿಗೆ ನಿಂತಿತು, ಮತ್ತೆ ನಾದತೊಡಗಿತು. ಎಲ್ಲರ ಮೇಲೂ ಅನುಮಾನಪಟ್ಟ ನಾನು ಆ ಕೈ ನಿಂತದ್ದನ್ನು ನೋಡಿಯೂ ನೋಡಲಿಲ್ಲ.

ಶನಿವಾರ ಬೆಳಿಗ್ಗೆ ಬಿಲ್ಡರನಿಂದ ವಾರದ ರೊಕ್ಕ ತೆಗೆದುಕೊಂಡೆ. ಹದಿನೆಂಟು ಸಾವಿರವನ್ನು ಬನಿಯನ್ನಿನ ಒಳಜೇಬಿನಲ್ಲಿಟ್ಟು, ಜೋಡಿ ಮೇಸ್ತ್ರಿಯನ್ನು ಕರೆದುಕೊಂಡು ನೇರ ಆ ಕಾರ್ಡಿನವರ ಆಫೀಸಿಗೆ ಹೋದೆ. ಅವನು ಹೊರಗೆ ಮೆಟ್ಟಿಲ ಮೇಲೆ ಕೂತ. ಒಳಗೆ ಎಲ್ಲವೂ ತಣ್ಣಗೆ. ನೆಲಕ್ಕೆ ಒಳ್ಳೆಯ ಟೈಲ್ಸು, ಆದರೆ ಬಾಗಿಲ ಹತ್ತಿರ ನಾಲ್ಕು ಪೊಳ್ಳಾಗಿದ್ದವು, ನಡೆಯುವಾಗಲೇ ಸದ್ದಿನಲ್ಲಿ ಗೊತ್ತಾಯಿತು. ಅಡಿಗೆ ಸಿಮೆಂಟಿನ ಮಾಲು ಸರಿಯಾಗಿ ತುಂಬದೆ ಕೂರಿಸಿದ ನೆಲದ ಮೇಲೆ ಕೂತು ಊರಿಗೆಲ್ಲ ಸಾಲ ಕೊಡುತ್ತಾರೆ ಎಂದುಕೊಂಡೆ.

ಟೈ ಕಟ್ಟಿದ ಅಧಿಕಾರಿ ಸಣ್ಣ ವಯಸ್ಸಿನವನು, ತೆಲುಗಿನವನು. ನನ್ನ ಕೂಗಾಟವನ್ನೆಲ್ಲ ಕೇಳಿ, ಒಂದು ಫೈಲು ತರಿಸಿ, ಅರ್ಜಿಯನ್ನು ನನ್ನ ಕಡೆ ತಿರುಗಿಸಿ ಇಟ್ಟ. ಟಿ.ಸಿ.ಯ ಜೆರಾಕ್ಸು. ನನ್ನ ಫೋಟೋ, ರೇಷನ್ ಕಾರ್ಡಿಗೆಂದು ತೆಗೆಸಿದ ಎಂಟರಲ್ಲಿ ಒಂದು. ವಿಳಾಸ ನಮ್ಮದಲ್ಲ, ಎರಡು ಓಣಿ ಆಚೆಯ ಮನೆಯದು. ನನ್ನ ನಂಬರ್ ಮೂಲೆಯಲ್ಲಿತ್ತು, ಬೇರೆ ನಂಬರ್ ಸಿಗದಿದ್ದರೆ ಮಾತ್ರ ಮಾಡುವ ಜಾಗದಲ್ಲಿ. ಕೆಳಗೆ ನನ್ನ ಸಹಿ, ಕನ್ನಡದಲ್ಲಿ.

ನಾನು ಕನ್ನಡದಲ್ಲೇ ಸಹಿ ಹಾಕುವವನು, ಆದರೆ ಕೈ ಎತ್ತದೆ ಒಂದೇ ಎಳೆತಕ್ಕೆ ಹಾಕುತ್ತೇನೆ. ಇದು ಬಿಡಿಬಿಡಿಯಾಗಿ ಬರೆದದ್ದು. ಪ್ರತಿ ಅಕ್ಷರದ ತಲೆಕಟ್ಟಿಗೂ ಕೊನೆಯಲ್ಲಿ ಸಣ್ಣ ಕೊಕ್ಕೆ. ಆ ಕೊಕ್ಕೆಯನ್ನು ನಾನು ದಿನಾ ನೋಡುತ್ತೇನೆ. ನಮ್ಮ ಅಡುಗೆಮನೆಯ ಡಬ್ಬಿಗಳ ಮೇಲೆ ಬ್ಯಾಳಿ, ಅವಲಕ್ಕಿ, ಶೇಂಗಾ ಎಂದು ಹೆಂಡತಿ ಬರೆದು ಚೀಟಿ ಅಂಟಿಸಿದ್ದಾಳೆ, ಆ ಚೀಟಿಗಳ ಮೇಲೆ ಇದೇ ಕೊಕ್ಕೆ.

ಆ ಸಹಿಯ ಮೇಲೆ ಅಂಗೈ ಮುಚ್ಚಿಟ್ಟೆ.

ಅಧಿಕಾರಿ ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ನನ್ನೆದುರು ಸರಿಸಿದ. ಸಹಿ ನಿಮ್ಮದಲ್ಲವಾದರೆ ಹಾಗೆಂದು ಬರೆದುಕೊಡಿ, ನಾವು ಪೊಲೀಸರಿಗೆ ದೂರು ಕೊಡುತ್ತೇವೆ, ಹಾಕಿದವರು ಯಾರೆಂದು ಅವರು ಹುಡುಕುತ್ತಾರೆ, ನಿಮ್ಮ ಮೇಲೆ ಒಂದು ರೂಪಾಯಿಯೂ ಬರುವುದಿಲ್ಲ ಎಂದ. ಒಳ್ಳೆಯ ಮಾತನ್ನೇ ಹೇಳಿದ. ನಾನು ಬಂದದ್ದೂ ಅದಕ್ಕೇ. ಆ ಆಫೀಸಿನಲ್ಲಿ ಆ ಸಹಿ ಯಾರ ಕೈಯದೆಂದು ಗುರುತಿಸಬಲ್ಲವನು ನಾನೊಬ್ಬನೇ ಇದ್ದೆ.

"ನಾದೇ ಸಾರ್," ಎಂದೆ. ನನ್ನದೇ.

"ಈಗ ತಾನೇ ಅಲ್ಲ ಅಂದಿರಲ್ಲ?"

"ಮರೆತಿದ್ದೆ."

ಅವನು ನನ್ನನ್ನು ನೋಡಿದ ರೀತಿಯನ್ನು ನಾನು ಮರೆಯುವುದಿಲ್ಲ. ಸಾಲ ಮಾಡಿ ಮರೆತವನನ್ನು ನಾನೂ ಹಾಗೆಯೇ ನೋಡುತ್ತಿದ್ದೆ. ಬಾಕಿ, ಬಡ್ಡಿ, ದಂಡ ಸೇರಿ ಹದಿನಾಲ್ಕು ಸಾವಿರದ ಆರುನೂರು. ಬನಿಯನ್ನಿನ ಜೇಬಿನಿಂದ ತೆಗೆದು ಎಣಿಸಿಕೊಟ್ಟೆ. ಮಿಷನ್ನಿಗೆ ಹಾಕಿ ಮತ್ತೊಮ್ಮೆ ಎಣಿಸಿದರು. ನನ್ನ ಬೆರಳಿನ ಎಣಿಕೆಯಲ್ಲಿ ಅವರಿಗೆ ನಂಬಿಕೆಯಿಲ್ಲ. ರಸೀದಿ ಕೇಳಿದೆ. ಬಾಯಿ ಬಿಟ್ಟು ರಸೀದಿ ಕೇಳಿದ್ದು ಅದೇ ಮೊದಲು.

ಹೊರಗೆ ಬಂದಾಗ ಜೋಡಿ ಮೇಸ್ತ್ರಿ ಎದ್ದು ನಿಂತ.

"ಸಿಕ್ಕನೇನಣ್ಣಾ ಕಳ್ಳ?"

"ತಪ್ಪ್ ತಿಳಿವಳಿಕಿ ಆಗಿತ್ತು. ಬಗಿಹರೀತು."

"ಬಟವಾಡಿ?"

"ನಾಳೆ ಮುಂಜಾನಿ."

ಅವನು ಅಂಗೈಯ ಧೂಳು ಕೊಡವಿಕೊಂಡ. "ಅಂದ್ರ ಈ ವಾರ ನೀ ನಮಗ ಉದ್ರಿ," ಎಂದ. ನಗುತ್ತಲೇ ಅಂದ. ನನಗೆ ಚೂರಿಯಿಂದ ಗೀರಿದ ಹಾಗಾಯಿತು. ಆರು ಮಂದಿಗೆ ಒಂದು ರಾತ್ರಿಯ ಮಟ್ಟಿಗೆ ನಾನು ಸಾಲಗಾರ.

ಮನೆಗೆ ಹೋದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ರಸೀದಿಯನ್ನು ಹಿಟ್ಟಿನ ಪರಾತದ ಪಕ್ಕ ಇಟ್ಟೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಮೇಲಿದ್ದ ಕಾರ್ಡಿನವರ ಗುರುತು ಗೊತ್ತಾಯಿತು. ಬಡಿಯುವುದನ್ನು ನಿಲ್ಲಿಸಲಿಲ್ಲ.

"ಎಷ್ಟ್ ತಗೊಂಡ್ರು?"

"ಹದಿನಾಕ ಸಾವಿರದ ಆರನೂರು."

"ಅಷ್ಟ್ ಹ್ಯಾಂಗ್ ಆಗ್ತೈತ್ರಿ? ಮಿಷನ್ನು ಹನ್ನೊಂದು ಸಾವಿರ. ಅದರಾಗ ನಾ ಮೂರು ಸಾವಿರ ಕೊಟ್ಟೀನಿ."

"ಯಾವ ಮಿಷನ್ನು? ಯಾರಿಗ್ ಕೊಟ್ಟಿ?"

"ಆ ಕಾರ್ಡ್ ಮಾಡಿಸಾಂವಗ. ತಿಂಗಳಿಗೆ ಐದನೂರ್ರಂಗ ಕೈಯಾಗ ಕೊಟ್ಟೆ. ಈಗ ಮೂರು ತಿಂಗಳಾತು, ಮಾರಿ ತೋರಿಸಿಲ್ಲ."

"ರಸೀದಿ ಇಸಗೊಂಡೇನು?"

ಆಗ ಅವಳು ತಲೆ ಎತ್ತಿದಳು. "ನೀವು ಯಾವತ್ತರ ಇಸಗೊಂಡೀರೇನ್ರೀ?"

ರೊಕ್ಕದ ಗುರುತು ಎಲ್ಲಿಯೂ ಉಳಿಯುವುದಿಲ್ಲ ಎಂಬುದೇ ನನ್ನ ಹೆಮ್ಮೆಯಾಗಿತ್ತು. ಕಾರ್ಡು ಮಾಡಿಸಿದವನ ಜೇಬು ಸೇರಿದ ಅವಳ ಮೂರು ಸಾವಿರದ ಗುರುತೂ ಹಾಗೆಯೇ ಉಳಿದಿರಲಿಲ್ಲ.

ಸ್ವಲ್ಪಸ್ವಲ್ಪವಾಗಿ ಹೇಳಿದಳು. ಎರಡು ಓಣಿ ಆಚೆ ಬ್ಲೌಸ್ ಹೊಲಿಯುವ ಒಬ್ಬ ಗೆಳತಿ ಇದ್ದಾಳೆ, ನಮ್ಮ ಕಡೆಯವಳೇ. ಅಪಾರ್ಟ್‌ಮೆಂಟುಗಳ ಹೆಂಗಸರು ತಂದುಕೊಡುವ ಬಟ್ಟೆ ಅವಳೊಬ್ಬಳಿಗೆ ಹೆಚ್ಚಾಗುತ್ತಿತ್ತು. ಅಲ್ಲಿಗೆ ಟೈ ಕಟ್ಟಿಕೊಂಡು ಬಂದ ಕಾರ್ಡಿನ ಏಜೆಂಟನು ಟ್ರಂಕಿನಲ್ಲಿ ಉಳಿದಿದ್ದ ಟಿ.ಸಿ.ಯ ಜೆರಾಕ್ಸು, ಫೋಟೋ ಎಲ್ಲ ಕೇಳಿ ಪಡೆದ. ಗಂಡನ ಸಹಿ ನೀವೇ ಹಾಕಿ, ಏನೂ ಆಗುವುದಿಲ್ಲ ಎಂದ. ಅಂಗಡಿಗೂ ತಾನೇ ಜೊತೆಗೆ ಬಂದು ಕಾರ್ಡು ಉಜ್ಜಿಸಿ, ಮೋಟರಿನ ಹೊಲಿಗೆ ಮಿಷನ್ನು ಕೊಡಿಸಿದ. ಅದು ಆ ಗೆಳತಿಯ ಮನೆಯಲ್ಲಿತ್ತು. ನಾನು ಕೆಲಸಕ್ಕೆ ಹೋದ ಮೇಲೆ ಇವಳು ಹೋಗಿ ಹೊಲಿದು, ನಾನು ಬರುವುದರೊಳಗೆ ಬಂದು ಒಲೆ ಹಚ್ಚುತ್ತಿದ್ದಳು. ಒಂಬತ್ತು ತಿಂಗಳು.

"ಸಾಲ ಅಂತ ಗೊತ್ತಿದ್ದೂ ಮಾಡಿದಿ," ಎಂದೆ. "ನಮ್ಮ ಮನ್ಯಾಗ!"

"ಫ್ರೀ ಅಂದಿದ್ದನ್ರೀ ಅಂವ. ಪೈಲೆ ಸಾಲ ಫ್ರೀ ಅಂದ. ಬಡ್ಡಿ ಇಲ್ಲ, ಅಸಲು ತೀರಿಸಿದ್ರ ಮುಗೀತು ಅಂತ ನಾ ತಿಳಕೊಂಡೆ."

"ಏನಂದ? ಅಂವ ಅಂದಂಗ ಅನ್ನು."

ಅವಳು ಹಿಟ್ಟಿನ ಕೈ ಎತ್ತಿ, ಅವನ ದನಿ ತೆಗೆದು ಹೇಳಿದಳು: "ಪೆಹಲಾ ಸಾಲ್ ಫ್ರೀ ಹೈ, ಭಾಬೀ."

ನಾನು ಅಲ್ಲೇ ಕೂತುಬಿಟ್ಟೆ. "ಹಿಂದ್ಯಾಗ ಸಾಲ್ ಅಂದ್ರ ವರ್ಷ. ಕಾರ್ಡಿಗೆ ವರ್ಷಕ್ಕೊಮ್ಮೆ ಫೀ ಇರ್ತೈತಿ. ಮೊದಲನೇ ವರ್ಷದ ಫೀ ಇಲ್ಲ ಅಂದಾನ, ಅಷ್ಟ. ಸಾಲ ಫ್ರೀ ಅಂದಿಲ್ಲ."

ತವೆಯ ಮೇಲಿನ ರೊಟ್ಟಿ ಕರಕಾಯಿತು.

"ಹಂಗಾರ ಅವರ ಮಾತಿನ್ಯಾಗ ನನಗ ಮೂವತ್ತೆರಡು ಸಾಲ ಆಗ್ಯಾವು?" ಎಂದಳು.

ನನಗೆ ನಗು ಬಂತು. ಬರಬಾರದಿತ್ತು, ಹದಿನಾಲ್ಕು ಸಾವಿರ ಹೋಗಿತ್ತು, ಆದರೂ ಬಂತು. ಅವಳು ನಗಲಿಲ್ಲ. ನಗು ನಿಂತ ಮೇಲೆ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ, ನಾನು ಮಿಷನ್ನು ಕೊಡಿಸುತ್ತಿರಲಿಲ್ಲವೇ ಎಂದೆ.

"ಕೊಡಸ್ತಿದ್ರಿ. ಅದಕ್ಕ ಕೇಳಲಿಲ್ಲ."

"ಅಂದ್ರ?"

"ಕೊಡಿಸಿದ್ ಮ್ಯಾಲ ದಿನಾ ಕೇಳ್ತಿದ್ರಿ. ಇವತ್ತ ಎಷ್ಟ್ ಬಂತು, ಯಾರ್ ಕೊಟ್ರು, ದಾರಕ್ಕ ಎಷ್ಟ್ ಹೋತು. ಸಕ್ರಿ ಅಂಗಡಿ ಹುಡುಗಿಗೆ ನೀವು ಫೋನ್ ನಂಬರ್ ಸೈತ ಕೊಡಂಗಿಲ್ಲ. ನಾ ಮಾತ್ರ ಶುಕ್ರವಾರಕ್ಕೊಮ್ಮೆ ನಿಮಗ ಸೂಜಿ ಮೊದಲ್ಗೊಂಡು ಲೆಕ್ಕಾ ಒಪ್ಪಿಸಬೇಕು. ನನಗೂ ಒಂದ್ ನಾಕ್ ರೂಪಾಯಿ ಯಾರಿಗೂ ಗೊತ್ತಿಲ್ಲದ್ದು ಬ್ಯಾಡೇನ್ರೀ?"

ಅದು ನಿಜ. ಸಂತೆಗೆ ಕೊಟ್ಟ ರೊಕ್ಕದಲ್ಲಿ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ನಾನು ಪ್ರತಿ ಶುಕ್ರವಾರ ಅವಳನ್ನು ಕೂರಿಸಿ ಕೇಳುತ್ತಿದ್ದೆ. ಒಂದು ರೂಪಾಯಿ ಹೆಚ್ಚುಕಡಿಮೆಯಾದರೆ ತಿರುಗಿ ಮೊದಲಿನಿಂದ. ಅದನ್ನು ನಾನು ಶಿಸ್ತು ಎಂದುಕೊಂಡಿದ್ದೆ. ಯಾವ ಕಂಪ್ಯೂಟರೂ ಯಾವ ಬ್ಯಾಂಕೂ ನನ್ನನ್ನು ಹಾಗೆ ಕೇಳಿರಲಿಲ್ಲ. ಕೇಳಲು ನಾನು ಬಿಟ್ಟಿರಲಿಲ್ಲ.

ರವಿವಾರ ಬೆಳಿಗ್ಗೆ ಟ್ರಂಕಿನಿಂದ ತೆಗೆದು ಬಟವಾಡೆ ಮುಗಿಸಿದೆ. ಮಧ್ಯಾಹ್ನ ಇಬ್ಬರೂ ಹೋಗಿ ಮಿಷನ್ನನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದೆವು. ಕಿಟಕಿಯ ಹತ್ತಿರ ನೆಲ ಸ್ವಲ್ಪ ತಗ್ಗಿತ್ತು, ಲೆವೆಲ್ ಹಿಡಿದು ಸರಿ ಮಾಡಿ ಅಲ್ಲಿಟ್ಟೆ. ಕಾರ್ಡನ್ನು ಅವಳ ಕತ್ತರಿಯಿಂದ ನಾನೇ ಕತ್ತರಿಸಿದೆ.

ಆಮೇಲೆ ಶುಕ್ರವಾರ ಬಂತು. ಊಟವಾದ ಮೇಲೆ ಅವಳು ಎಂದಿನಂತೆ ಬಂದು ಎದುರಿಗೆ ಕೂತಳು. ಎಷ್ಟು ಉಳಿಯಿತು ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನೀರು ಕುಡಿದೆ. ಓಣಿಯ ನಲ್ಲಿ ಯಾವಾಗ ಬರುತ್ತದೆ ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಕಾದು, ಎದ್ದು ಹೋಗಿ ಮಿಷನ್ನು ಹಚ್ಚಿದಳು. ಮುಂದಿನ ಶುಕ್ರವಾರವೂ ಕೇಳಲಿಲ್ಲ. ಸುಲಭವಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವಳು ಹೊಸ ಸೀರೆ ಉಟ್ಟರೆ ಇವತ್ತಿಗೂ ಬೆಲೆ ಎಷ್ಟಿರಬಹುದೆಂದು ನನ್ನ ತಲೆ ತಾನಾಗಿ ಲೆಕ್ಕ ಹಾಕುತ್ತದೆ. ಬಾಯಿ ಮಾತ್ರ ಬಿಡುವುದಿಲ್ಲ.

ಒಂದು ತಿಂಗಳಾದ ಮೇಲೆ ಅದೇ ಹೆಣ್ಣು ದನಿ ಮತ್ತೆ ಫೋನ್ ಮಾಡಿತು. ಬಾಕಿಯನ್ನೆಲ್ಲ ಒಂದೇ ಸಲಕ್ಕೆ ಕಟ್ಟಿದ ಒಳ್ಳೆಯ ಗಿರಾಕಿ ನಾನಂತೆ, ಅದಕ್ಕೆ ಇಮ್ಮಡಿ ಸಾಲ ಕೊಡಲು ಸಿದ್ಧವಂತೆ. ಬಾವಿಯ ಹೆಸರು ಹಿಡಿದೇ ಕರೆಯಿತು. ಆ ಹೆಸರಿನವನು ಊರು ಬಿಟ್ಟು ಹೋದ ಎಂದು ಹೇಳಿ ಇಟ್ಟೆ. ಅವರ ಪಟ್ಟಿಯಲ್ಲಿ ನಾನು ಇನ್ನೂ ಇದ್ದೇನೆಂದು ನನಗೆ ಖಾತ್ರಿ ಇದೆ. ಯಾರು ಯಾರಿಗೆ ಕೊಟ್ಟಿದ್ದಾರೋ, ಎಷ್ಟಕ್ಕೆ ಮಾರಿದ್ದಾರೋ ಗೊತ್ತಿಲ್ಲ.

ಈಗ ನಮಗೆ ಮಿಯಾಪುರದ ಆಚೆ ನೂರು ಗಜ ಜಾಗವಿದೆ, ಅದರ ಮೇಲೆ ಎರಡು ಕೋಣೆ. ಎರಡರ ನೆಲವನ್ನೂ ನಾನೇ ಹಾಕಿದ್ದು. ಮೂರು ಹೊಲಿಗೆ ಮಿಷನ್ನು, ಒಂದು ಹಳೆಯ ಮೋಟರ್ ಸೈಕಲ್ಲು, ಎರಡು ಕರಣಿ, ಒಂದು ಲೆವೆಲ್ ಪೈಪು. ಕಾರ್ಡು ಇಲ್ಲ, ಸಾಲ ಇಲ್ಲ. ರಸೀದಿ ಒಂದಿದೆ. ನನ್ನ ಡಬ್ಬಿಯಲ್ಲಿ ನಲವತ್ತೊಂದು ಸಾವಿರದ ಇನ್ನೂರು ರೂಪಾಯಿ. ಅವಳ ಡಬ್ಬಿ ಒಂದು. ಅದರಲ್ಲಿ ಎಷ್ಟಿದೆಯೋ ನನಗೆ ಗೊತ್ತಿಲ್ಲ.